ಎಂಟನೇ ಕ್ಲಾಸಿಗೆ ಊರಿನ ಸರಕಾರಿ ಹೈಸ್ಕೂಲೋ, ಪೇಟೆಯ ಶಾಲೆಯೋ?

ಸೀತಾನದಿ ದಂಡೆಯವಳು:

ಎಲ್ಲರಿಗೂ ನಮಸ್ಕಾರ. ನಮ್ಮದು ಹೆಬ್ರಿ ತಾಲೂಕಿನ ಒಂದು ಹಳ್ಳಿ. ಮಗಳು ಈ ವರ್ಷ ಏಳನೇ ಕ್ಲಾಸು ಮುಗಿಸುತ್ತಾಳೆ. ಒಂದನೇ ಕ್ಲಾಸಿನಿಂದ ಊರಿನ ಸರಕಾರಿ ಶಾಲೆಯಲ್ಲಿ ಕನ್ನಡದಲ್ಲೇ ಓದಿದವಳು. ಮನೆಯಿಂದ ಮೂರು ಕಿಲೋಮೀಟರು ಹೋದರೆ ಸರಕಾರಿ ಹೈಸ್ಕೂಲು ಉಂಟು. ನಾನು ಓದಿದ್ದೂ ಅಲ್ಲೇ. ನಾನು ಓದುವಾಗ ಒಂದೇ ಕ್ಲಾಸಿನಲ್ಲಿ ಅರುವತ್ತು ಮಕ್ಕಳು. ಈಗ ಎಂಟು, ಒಂಬತ್ತು, ಹತ್ತು ಮೂರೂ ಸೇರಿದರೆ 64.

ಸುತ್ತಮುತ್ತಲಿನ ಮನೆಯವರು ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಸೇರಿಸಿದ್ದಾರೆ. ಬೆಳಿಗ್ಗೆ 7 ಗಂಟೆಗೆ ಹಳದಿ ವ್ಯಾನು ಬಂದು ಹಾರ್ನ್ ಹೊಡೆಯುತ್ತದೆ. ನಮ್ಮ ಮನೆಯಲ್ಲೂ ಅದೇ ಮಾತು ನಡೆಯುತ್ತಿದೆ. ಯಜಮಾನರು "ಇನ್ನು ಮೂರೇ ವರ್ಷ, ಕಷ್ಟಪಟ್ಟಾದರೂ ಪೇಟೆಗೆ ಕಳಿಸುವ" ಅನ್ನುತ್ತಾರೆ. ನನಗೆ ಮನಸ್ಸು ಒಪ್ಪುತ್ತಿಲ್ಲ. ಆದರೆ ಯಾಕೆ ಒಪ್ಪುತ್ತಿಲ್ಲ ಅಂತ ಸರಿಯಾಗಿ ಹೇಳಲಿಕ್ಕೂ ಬರುತ್ತಿಲ್ಲ.

ಶೇಕಡಾ ಲೆಕ್ಕ ನನಗೂ ಗೊತ್ತು. 2024ರ ಎಸ್ಸೆಸ್ಸೆಲ್ಸಿಯಲ್ಲಿ ಉಡುಪಿ ಜಿಲ್ಲೆ ಶೇ. 94 ತೆಗೆದು ರಾಜ್ಯಕ್ಕೆ ಮೊದಲು ಬಂತು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ನಾವು ಎರಡನೆಯವರು. ಜಿಲ್ಲೆ ಮೊದಲು ಬಂದರೆ ನನ್ನ ಮಗಳ ಶಾಲೆ ಹೇಗಿದೆ ಅಂತ ಗೊತ್ತಾಗುವುದಿಲ್ಲ ಅಲ್ವಾ? ಅಲ್ಲಿ ದಿನ ಹೇಗೆ ಹೋಗುತ್ತದೆ, ಯಾರು ಕಲಿಸುತ್ತಾರೆ, ಮಕ್ಕಳು ಖುಷಿಯಲ್ಲಿ ಇರುತ್ತಾರಾ, ಅದು ಗೊತ್ತಿದ್ದವರು ದಯವಿಟ್ಟು ಬರೆಯಿರಿ.

2011ರ ಬ್ಯಾಚ್:

ಅಕ್ಕ, ನಾನು ಹೆಬ್ರಿ ಕಡೆಯವನಲ್ಲ, ಬೈಂದೂರು ತಾಲೂಕಿನವನು. ಆದರೆ ನೀವು ಹೇಳಿದಂಥ ಶಾಲೆಯಲ್ಲೇ ಹತ್ತನೇ ಮುಗಿಸಿದ್ದು. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಎದುರಿಗೆ ಒಂದು ದೊಡ್ಡ ಹಲಸಿನ ಮರ.

ನನಗೆ ಹೈಸ್ಕೂಲು ಅಂದರೆ ಮೊದಲು ನೆನಪಾಗುವುದು ಸೈಕಲ್. ಎಂಟನೇ ಕ್ಲಾಸಿನ ಮಕ್ಕಳಿಗೆ ಸರಕಾರ ಸೈಕಲ್ ಕೊಡುವುದು 2006-07ರಲ್ಲಿ ಶುರುವಾದದ್ದು. ನಮಗೆ ಸಿಕ್ಕಿದ ದಿನ ಮರದಡಿ ಸಾಲಾಗಿ ನಿಲ್ಲಿಸಿದ್ದರು. ಹ್ಯಾಂಡಲ್ ಸಡಿಲ, ಬ್ರೇಕ್ ಸರಿ ಇಲ್ಲ. ಎಲ್ಲರೂ ತಳ್ಳಿಕೊಂಡು ಹೋಗಿ ಸೈಕಲ್ ಅಂಗಡಿಯಲ್ಲಿ ಬಿಗಿ ಮಾಡಿಸಿಕೊಂಡೆವು. ಮಳೆಗಾಲದಲ್ಲಿ ಮಡ್‌ಗಾರ್ಡಿನ ಒಳಗೆ ಕೆಸರು ತುಂಬಿ ಚಕ್ರವೇ ತಿರುಗುತ್ತಿರಲಿಲ್ಲ. ಕಾಲುಸಂಕ (ಹಳ್ಳ ದಾಟುವ ಕಿರುಸೇತುವೆ) ಬಂದರೆ ಸೈಕಲನ್ನು ಹೆಗಲ ಮೇಲೆ ಹೊತ್ತು, ಒಬ್ಬರ ಹಿಂದೆ ಒಬ್ಬರು ದಾಟುವುದು. ನನ್ನ ತಂಗಿಗೂ ಸಿಕ್ಕಿತು. ಆ ಸೈಕಲ್ ಇರದಿದ್ದರೆ ಅವಳು ಏಳಕ್ಕೇ ನಿಲ್ಲುತ್ತಿದ್ದಳು, ಇದು ಸುಮ್ನೆ ಹೇಳುವ ಮಾತಲ್ಲ. ಆರು ಕಿಲೋಮೀಟರು ನಡೆದು ಹೋಗಲು ಮನೆಯಲ್ಲಿ ಬಿಡುತ್ತಿರಲಿಲ್ಲ.

ಕೊರೊನಾ ಬಂದ ಮೇಲೆ ಆ ಯೋಜನೆ ನಿಂತಿತು. ಮೂರು ಕಿಲೋಮೀಟರು ಅಂದಿರಿ. ದಾರಿ ಹೇಗಿದೆ, ಮಧ್ಯೆ ತೋಡು ಉಂಟಾ, ಜತೆಗೆ ಹೋಗುವ ಮಕ್ಕಳು ಇದ್ದಾರಾ, ಅದನ್ನು ಮೊದಲು ನೋಡಿ. 2022ರ ಆಗಸ್ಟಿನಲ್ಲಿ ನಮ್ಮ ತಾಲೂಕಿನಲ್ಲೇ ಶಾಲೆಯಿಂದ ಬರುತ್ತಿದ್ದ ಎರಡನೇ ಕ್ಲಾಸಿನ ಮಗು ಕಾಲುಸಂಕದಿಂದ ಜಾರಿ ಹೋಯಿತು. ಅದು ನೆನಪಾದರೆ ಈಗಲೂ ಹೊಟ್ಟೆ ತೊಳಸುತ್ತದೆ.

ಪೇಟೆಗೆ ಸೇರಿಸಿದ ಅಪ್ಪ:

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. ನನ್ನ ಮಗನನ್ನು ಎಂಟಕ್ಕೆ ಊರಿನ ಹೈಸ್ಕೂಲಿಗೇ ಸೇರಿಸಿದ್ದೆ. ಪ್ರೀತಿಯಿಂದಲೇ ಸೇರಿಸಿದ್ದು. ಜೂನಿನಲ್ಲಿ ವಿಜ್ಞಾನದ ಟೀಚರಿಗೆ ವರ್ಗ ಆಯಿತು. ಜುಲೈ ಪೂರ್ತಿ ಮಳೆ ರಜೆ. ಆಗಸ್ಟಿನಲ್ಲಿ "ಇವತ್ತು ಬರುತ್ತಾರೆ, ನಾಳೆ ಬರುತ್ತಾರೆ" ಅಂತಲೇ ಹೋಯಿತು. ಸೆಪ್ಟೆಂಬರಿನಲ್ಲಿ ಒಬ್ಬರು ಬಂದರು. ಅಷ್ಟರಲ್ಲಿ ಅರ್ಧ ವಾರ್ಷಿಕ ಪರೀಕ್ಷೆ ಬಂದಿತ್ತು. ಮಗ ವಿಜ್ಞಾನದ ನೋಟ್ಸ್ ಪುಸ್ತಕ ತೋರಿಸಿದ. ಮೂರು ತಿಂಗಳಲ್ಲಿ ಹನ್ನೊಂದು ಪುಟ ಬರೆದಿದ್ದ. ನಾನು ಎಣಿಸಿದ್ದೇನೆ.

ಮರುವರ್ಷ ಟಿಸಿ ತೆಗೆದು ಪೇಟೆಗೆ ಸೇರಿಸಿದೆ. ಮುಖ್ಯ ಶಿಕ್ಷಕರು ಟಿಸಿಗೆ ಸಹಿ ಹಾಕುವಾಗ ಒಂದು ಮಾತೂ ಆಡಲಿಲ್ಲ. ಪೆನ್ನು ಕೆಳಗಿಟ್ಟು "ನಿಮ್ಮ ತಪ್ಪಲ್ಲ ಬಿಡಿ" ಅಂದರು, ಅಷ್ಟೇ. ಆ ಮನುಷ್ಯನ ಮುಖ ನೋಡಲಿಕ್ಕೆ ನನಗೆ ಆಗಲಿಲ್ಲ.

ಕಾಪು ಕಡೆಯ ಗಣಿತ ಟೀಚರ್:

ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ. ನಾನು ಸರಕಾರಿ ಹೈಸ್ಕೂಲಿನಲ್ಲಿ ಪಿಸಿಎಂ ಟೀಚರ್. ಗಣಿತದ ಜತೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರವೂ ನನ್ನ ಪಾಲಿಗೆ. ಮೇಲೆ ಬರೆದ ಅಪ್ಪನ ಮಾತು ಸತ್ಯ. ಹಳ್ಳಿ ಹೈಸ್ಕೂಲಿನಲ್ಲಿ ಒಂದು ವಿಷಯಕ್ಕೆ ಒಬ್ಬರೇ. ಆ ಒಬ್ಬರು ಹೋದರೆ ಆ ವಿಷಯವೇ ಹೋದ ಹಾಗೆ. ಪೇಟೆಯ ದೊಡ್ಡ ಶಾಲೆಯಲ್ಲಿ ಒಬ್ಬರು ಹೋದರೂ ಇನ್ನೊಬ್ಬರು ಕ್ಲಾಸಿಗೆ ಹೋಗುತ್ತಾರೆ. ಹಾಗಾಗಿ ಸೀತಾನದಿ ಅಕ್ಕ, ಶಾಲೆ ಚೆನ್ನಾಗಿದೆಯಾ ಅಂತ ಕೇಳಬೇಡಿ. ಗಣಿತ, ವಿಜ್ಞಾನ, ಇಂಗ್ಲಿಷ್ ಯಾರು ಮಾಡುತ್ತಾರೆ, ಅವರು ಖಾಯಂ ಹುದ್ದೆಯವರೋ, ನಿಯೋಜನೆ ಮೇಲೆ ಬಂದವರೋ, ಅತಿಥಿ ಶಿಕ್ಷಕರೋ, ಎಷ್ಟು ವರ್ಷದಿಂದ ಇದ್ದಾರೆ ಅಂತ ಕೇಳಿ.

ನೀವು ದಿನ ಹೇಗೆ ಹೋಗುತ್ತದೆ ಅಂತ ಕೇಳಿದಿರಿ. ನಮ್ಮ ಶಾಲೆಯದ್ದು ಹೇಳುತ್ತೇನೆ. ಜೂನಿನಲ್ಲಿ ಸೇತುಬಂಧ. ಬೇರೆ ಬೇರೆ ಪ್ರಾಥಮಿಕ ಶಾಲೆಯಿಂದ ಬಂದ ಮಕ್ಕಳಲ್ಲಿ ಯಾರಿಗೆ ಭಾಗಾಕಾರ ಬರುವುದಿಲ್ಲ, ಯಾರಿಗೆ ಓದಲು ಕಷ್ಟ ಅಂತ ಮೊದಲೇ ನೋಡಿಕೊಳ್ಳುವುದು. ಜುಲೈಯಲ್ಲಿ ರೆಡ್ ಅಲರ್ಟ್ ಬಂದಾಗೆಲ್ಲ ಜಿಲ್ಲಾಧಿಕಾರಿಗಳು ರಜೆ ಕೊಡುತ್ತಾರೆ. ಆ ಪಾಠ ಶನಿವಾರ ಮಧ್ಯಾಹ್ನ ಮಾಡಿ ಸರಿದೂಗಿಸಬೇಕು. ಆಮೇಲೆ ವಲಯ ಮಟ್ಟದ ಕ್ರೀಡಾಕೂಟ, ಪ್ರತಿಭಾ ಕಾರಂಜಿ. ಜನವರಿ ಬಂತು ಅಂದರೆ ಹತ್ತನೆಯವರಿಗೆ ಸಂಜೆ ಕ್ಲಾಸು, ಪೂರ್ವಸಿದ್ಧತಾ ಪರೀಕ್ಷೆ. ಬೆಳಿಗ್ಗೆ 5 ಗಂಟೆಗೆ ನಾವೇ ಮಕ್ಕಳಿಗೆ ಫೋನ್ ಮಾಡಿ ಎಬ್ಬಿಸುತ್ತೇವೆ. ಎದ್ದು ಲೈಟ್ ಹಾಕಿದ ಮೇಲೆ "ಎದ್ದೆ ಟೀಚರ್" ಅಂತ ಹೇಳಬೇಕು.

ಒಂದು ವಿಷಯ ಮಾತ್ರ ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮದು ಶಂಕರಪುರ ಮಲ್ಲಿಗೆಯ ಊರು. ನಮ್ಮ ಹೆಣ್ಣುಮಕ್ಕಳಲ್ಲಿ ಸುಮಾರು ಜನ ಬೆಳಕು ಹರಿಯುವ ಮೊದಲೇ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಆಮೇಲೆ ಶಾಲೆಗೆ ಬರುವವರು. ಒಬ್ಬಳು ಒಂಬತ್ತನೆಯಲ್ಲಿ ಗಣಿತದಲ್ಲಿ ಸತತ ಹಿಂದೆ. ಕ್ಲಾಸಿನಲ್ಲಿ ತೂಕಡಿಸುತ್ತಿದ್ದಳು. ನಾನು ಬೈಯುತ್ತಿದ್ದೆ. ಮನೆ ಭೇಟಿಗೆ ಹೋದ ದಿನ ಬೆಳಿಗ್ಗೆ ಏಳೂವರೆ. ಅವಳು ಜಗಲಿಯಲ್ಲಿ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದಳು. ಕೈ ನಿಲ್ಲಿಸದೆ ನನ್ನ ಜತೆ ಮಾತಾಡಿದಳು. ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಇವತ್ತು ಎಷ್ಟು ಮೊಗ್ಗು ಅಂತ ಕೇಳಿದೆ. ಬುಟ್ಟಿ ನೋಡಿ "ಎರಡು ಅಟ್ಟೆ ಆಗಿ ಒಂದು ಚೆಂಡಿಗೆ ಸ್ವಲ್ಪ ಕಮ್ಮಿ ಬರ್ತದೆ ಟೀಚರ್, ಏಳು ಸಾವಿರದ ಹತ್ತಿರ" ಅಂದಳು. ಕಾಗದ ಇಲ್ಲ, ಪೆನ್ಸಿಲ್ ಇಲ್ಲ. ಇಂಥವಳಿಗೆ ಗಣಿತ ಬರುವುದಿಲ್ಲ ಅಂತ ನಾನು ಒಂದು ವರ್ಷ ಪುಸ್ತಕದಲ್ಲಿ ಬರೆದಿದ್ದೆ.

ಹತ್ತನೆಯಲ್ಲಿ ಸಮಾಂತರ ಶ್ರೇಢಿ ಪಾಠ ಬಂದಾಗ ಅಟ್ಟೆಯ ದರದಿಂದಲೇ ಶುರು ಮಾಡಿದೆ. ಇವತ್ತು ಇಷ್ಟು, ದಿನಕ್ಕೆ 50 ರೂಪಾಯಿಯಂತೆ ಏರಿದರೆ ಹತ್ತನೇ ದಿನ ಎಷ್ಟು? ಕ್ಲಾಸಿನಲ್ಲಿ ಮೊದಲು ಉತ್ತರ ಹೇಳಿದ್ದು ಅವಳೇ. ಒಂದು ಕ್ಲಾಸಿನಲ್ಲಿ ಇಪ್ಪತ್ತೇ ಮಕ್ಕಳಿದ್ದರೆ ಇದು ಸಾಧ್ಯ. ಯಾವ ಮಗುವಿನ ಮನೆಗೆ ಯಾವ ದಾರಿ ಅಂತ ನಮಗೆ ಗೊತ್ತಿರುತ್ತದೆ.

ಮಣಿಪಾಲದಲ್ಲಿ ಕೆಲಸ:

ಟೀಚರ್, ನೀವು ಬರೆದಿದ್ದು ಓದಿ ಕಣ್ಣು ತುಂಬಿತು. ನಾವು ಬಾಗಲಕೋಟೆ ಕಡೆಯವರು. ಹದಿನಾಲ್ಕು ವರ್ಷದ ಹಿಂದೆ ಗಾರೆ ಕೆಲಸಕ್ಕೆ ಬಂದೆವು. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಸರಕಾರಿ ಶಾಲೆಯಲ್ಲೇ ಓದಿದರು. ನಮ್ಮಂಥವರ ಮಕ್ಕಳು ಬರದಿದ್ದರೆ ಆ ಶಾಲೆಯಲ್ಲಿ ಅರ್ಧ ಬೆಂಚು ಖಾಲಿ ರೀ.

ದೊಡ್ಡವನನ್ನು ಎಂಟನೆಗೆ ಸೇರಿಸುವಾಗ ಊರಿಂದ ತಂದ ಕಾಗದದಲ್ಲಿ ಹುಟ್ಟಿದ ತಾರೀಕು ಒಂದು, ಆಧಾರದಲ್ಲಿ ಇನ್ನೊಂದು. ಟೀಚರೇ ಫೋನ್ ಮಾಡಿ, ಎಸ್‌ಎಟಿಎಸ್ ನಂಬರ್ (ಸರಕಾರಿ ದಾಖಲೆಯಲ್ಲಿ ಪ್ರತಿ ಮಗುವಿಗೆ ಇರುವ ಗುರುತು ಸಂಖ್ಯೆ) ಹುಡುಕಿ, ಊರಿನ ಶಾಲೆಯವರ ಹತ್ತಿರ ಮಾತಾಡಿ ಸರಿ ಮಾಡಿಸಿದರು. ನಾನು ಎರಡು ದಿನ ಕೂಲಿ ಬಿಟ್ಟಿದ್ದರೂ ಅದು ನನ್ನ ಕೈಯಲ್ಲಿ ಆಗುತ್ತಿರಲಿಲ್ಲ. ಸುಗ್ಗಿಗೆ ನಾವೆಲ್ಲ ಊರಿಗೆ ಹೊರಟಾಗ "ಹುಡುಗನನ್ನು ಬಿಟ್ಟು ಹೋಗಿ, ಪರೀಕ್ಷೆ ಹತ್ತಿರ ಉಂಟು" ಅಂದರು. ಪಕ್ಕದ ಮನೆಯವರು ಮೂರು ವಾರ ಅವನಿಗೆ ಊಟ ಹಾಕಿದರು.

ಇನ್ನೊಂದು ಹೇಳಬೇಕು. ಅವನ ಶಾಲೆಯಲ್ಲಿ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟಿನವರು ಬಂದು ಯಕ್ಷಗಾನ ಕಲಿಸುತ್ತಾರೆ. ಮಾತಾಡಿದರೆ ನಮ್ಮ ಊರಿನ ದನಿ ಬರುತ್ತದೆ ಅಂತ ಇವನಿಗೆ ಕ್ಲಾಸಿನಲ್ಲಿ ಬಾಯಿ ಬಿಡಲು ನಾಚಿಕೆ. ಪ್ರಸಂಗಕ್ಕೆ ಆಯ್ಕೆ ಮಾಡಿ ಒಂದು ಪಾತ್ರ ಕೊಟ್ಟರು. ರಾತ್ರಿ ನಮ್ಮ ಶೆಡ್ಡಿನಲ್ಲಿ ಸಿಮೆಂಟು ಚೀಲದ ಮೇಲೆ ನಿಂತು ಹೆಜ್ಜೆ ಹಾಕುತ್ತಿದ್ದ. ಆಟದ ದಿನ ತಲೆಗೆ ಕೇದಗೆ ಮುಂದಲೆ ಕಟ್ಟಿದ ಮೇಲೆ ನಾನೇ ಅವನನ್ನು ಗುರುತಿಸಲಿಲ್ಲ. ಭಾಗವತರ ಪದ್ಯ ಮುಗಿದ ಕೂಡಲೇ ಅರ್ಥ ಹೇಳಿದ ನೋಡಿ. ಆ ಮಾತು, ಆ ಗತ್ತು! ಈ ಊರಿನವರೇ ಎದ್ದು ಚಪ್ಪಾಳೆ ಹೊಡೆದರು. ಮಾರನೇ ದಿನದಿಂದ ಕ್ಲಾಸಿನಲ್ಲಿ ಕೈ ಎತ್ತುತ್ತಾನೆ ಅಂತ ಟೀಚರ್ ಹೇಳಿದರು.

ಮುಡಿಪಿನಿಂದ:

ನಮ್ಮ ಕಡೆಯ ಹರೇಕಳದ ಕಥೆ ಎಲ್ಲರಿಗೂ ಗೊತ್ತಿದೆ. ಆದರೂ ಇಲ್ಲಿ ನೆನಪು ಮಾಡಬೇಕು ಅನಿಸಿತು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರು. ವಿದೇಶಿಯರೊಬ್ಬರು ಹಣ್ಣಿನ ಬೆಲೆ ಇಂಗ್ಲಿಷಿನಲ್ಲಿ ಕೇಳಿದಾಗ ಉತ್ತರ ಕೊಡಲಾಗಲಿಲ್ಲ. ತನಗೆ ಸಿಗದ ಶಾಲೆ ಊರಿನ ಮಕ್ಕಳಿಗೆ ಸಿಗಬೇಕು ಅಂತ ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿಸಿದರು. ಮೊದಲು ಮದ್ರಸದ ಕಟ್ಟಡದಲ್ಲಿ ಕ್ಲಾಸು. ಆಮೇಲೆ ಜಾಗ, ಕಟ್ಟಡ, ಅಲ್ಲಿಂದ ಹೈಸ್ಕೂಲು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಅವರ ಊರಿನ ಆ ಶಾಲೆ ಸರಕಾರಿ ಶಾಲೆಯೇ. ಕಚೇರಿಯಿಂದ ಕಚೇರಿಗೆ ನಡೆದು ನಡೆದು ಒಬ್ಬರು ತಂದ ಶಾಲೆ ಅದು.

ನಾನು ಹೇಳಲು ಹೊರಟದ್ದು ಇಷ್ಟೇ ಮಾರಾಯ್ರೆ. ಅವರಿಗೆ ಶಾಲೆಯೇ ಇರಲಿಲ್ಲ, ಕೇಳಿ ಕೇಳಿ ತಂದರು. ನಮಗೆ ಕಟ್ಟಡ ಉಂಟು, ಗಂಟೆ ಉಂಟು, ಮೈದಾನ ಉಂಟು. ಟೀಚರ್ ಇಲ್ಲದಿದ್ದರೆ ಕೇಳಲಿಕ್ಕೆ ಒಬ್ಬರೂ ಹೋಗುವುದಿಲ್ಲ. ಮಕ್ಕಳ ಟಿಸಿ ಕೇಳಲಿಕ್ಕೆ ಎಲ್ಲರೂ ಹೋಗುತ್ತೇವೆ.

ಪೇಟೆಗೆ ಸೇರಿಸಿದ ಅಪ್ಪ:

ಮುಡಿಪಿನವರೇ, ನಿಮ್ಮ ಮಾತು ನನಗೆ ತಾಗಿತು. ನಾನು ಆ ಮೂರು ತಿಂಗಳಲ್ಲಿ ಒಂದು ಸಲವೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿರಲಿಲ್ಲ. ಶಾಲೆಗೆ ಹೋಗಿ ಮುಖ್ಯ ಶಿಕ್ಷಕರ ಹತ್ತಿರ ಮಾತ್ರ ಜೋರಾಗಿ ಮಾತಾಡಿ ಬಂದೆ. ಅವರ ಕೈಯಲ್ಲಿ ಏನೂ ಇರಲಿಲ್ಲ ಅಂತ ಈಗ ಅರ್ಥವಾಗುತ್ತದೆ.

ಮಗ ಪೇಟೆಯಲ್ಲಿ ಹೇಗಿದ್ದಾನೆ ಅಂತ ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಪಾಠ ಸರಿಯಾಗಿ ನಡೆಯುತ್ತದೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡದಲ್ಲಿ ಕಲಿತ "ದ್ಯುತಿಸಂಶ್ಲೇಷಣೆ"ಯನ್ನು ಇಂಗ್ಲಿಷಿನಲ್ಲಿ ಉರು ಹೊಡೆಯಲು ಒಂದು ವರ್ಷ ಹೋಯಿತು. ಮನೆಗೆ ಬರುವಾಗ ಸಂಜೆ ಆರು. ಊರಿನ ಹುಡುಗರ ಜತೆ ಕಬಡ್ಡಿ ಆಡುವುದು ನಿಂತೇ ಹೋಯಿತು.

ಸಿಇಟಿ ಫಾರ್ಮ್ ತುಂಬಿಸುವವನು:

ನಾನು ಸೈಬರ್ ಸೆಂಟರ್ ನಡೆಸುತ್ತೇನೆ. ಪ್ರತಿ ವರ್ಷ ಸಿಇಟಿ ಅರ್ಜಿ ತುಂಬಿಸುವುದು ನನ್ನ ಕೆಲಸ. ಸೀತಾನದಿ ಅಕ್ಕ, ಇದನ್ನು ಸ್ವಲ್ಪ ಗಮನ ಕೊಟ್ಟು ಓದಿ.

ಸಿಇಟಿಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮ ಮೀಸಲಾತಿ ಶೇ. 5. ಎರಡಕ್ಕೂ ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷದ ಓದು ಬೇಕು. ಒಂದಕ್ಕೆ ಹಳ್ಳಿಯ ಶಾಲೆಯಲ್ಲಿ, ಇನ್ನೊಂದಕ್ಕೆ ಕನ್ನಡದಲ್ಲಿ. ನಿಮ್ಮ ಮಗಳು ಏಳು ವರ್ಷ ಎರಡನ್ನೂ ಮುಗಿಸಿದ್ದಾಳೆ. ಈಗ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋದರೆ ಎರಡೂ ಕೈತಪ್ಪುತ್ತದೆ. ಇಂಜಿನಿಯರಿಂಗ್, ಕೃಷಿ ಬಿಎಸ್ಸಿ ಸೀಟಿಗೆ ಬರುವ ಮಕ್ಕಳಲ್ಲಿ ಎಷ್ಟೋ ಜನ ನನ್ನ ಅಂಗಡಿಯಲ್ಲಿ ಕೂತು "ನಮಗೆ ಯಾರೂ ಹೇಳಲೇ ಇಲ್ಲ" ಅಂದಿದ್ದಾರೆ. ತಂದೆ ತಾಯಿ ಸಾಲ ಮಾಡಿ ಫೀಸ್ ಕಟ್ಟಿದ್ದು ಆ ಮೂರು ವರ್ಷಕ್ಕೇ. ಸರಕಾರಿ ಕೆಲಸಕ್ಕೂ ಕನ್ನಡ ಮಾಧ್ಯಮದವರಿಗೆ ಶೇ. 5 ಉಂಟು.

ಮೀಸಲಾತಿಗಾಗಿ ಮಾತ್ರ ಶಾಲೆ ಆರಿಸಿ ಅಂತ ನಾನು ಹೇಳುವುದಿಲ್ಲ. ಗೊತ್ತಿದ್ದು ಆರಿಸಿ ಅಂತ ಹೇಳುತ್ತೇನೆ.

ಕಾಪು ಕಡೆಯ ಗಣಿತ ಟೀಚರ್:

ಇವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಎನ್‌ಎಂಎಂಎಸ್ ಪರೀಕ್ಷೆ. ಎಂಟನೇ ಕ್ಲಾಸಿನಲ್ಲಿ ಬರೆಯುವ ಕೇಂದ್ರ ಸರಕಾರದ ವಿದ್ಯಾರ್ಥಿವೇತನ ಪರೀಕ್ಷೆ. ಸರಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ. ಮನೆಯ ವರ್ಷದ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ ಬ್ಯಾಂಕಿಗೆ ಬರುತ್ತದೆ. ಎರಡು ಪತ್ರಿಕೆ, ಒಂದೊಂದರಲ್ಲಿ 90 ಪ್ರಶ್ನೆ. ಶಾಲೆಯಲ್ಲಿ ಇದಕ್ಕೆ ತಯಾರಿ ಮಾಡಿಸುತ್ತಾರಾ ಅಂತ ಕೇಳಿ. ತಯಾರಿ ಮಾಡಿಸುವ ಶಾಲೆಯಾದರೆ ಅಲ್ಲಿನ ಶಿಕ್ಷಕರು ಮಕ್ಕಳ ಬಗ್ಗೆ ಯೋಚನೆ ಮಾಡುವವರು ಅಂತ ತಿಳಿದುಕೊಳ್ಳಿ. ಅದಕ್ಕೆ ಯಾರೂ ಜಾಸ್ತಿ ಸಂಬಳ ಕೊಡುವುದಿಲ್ಲ.

ಅತಿಥಿ ಶಿಕ್ಷಕಿ:

ಮೇಲೆ ಎಲ್ಲರೂ ಟೀಚರ್ ಬರಲಿಲ್ಲ, ಟೀಚರ್ ಹೋದರು ಅಂತ ಬರೆದಿದ್ದೀರಿ. ಆ ಬರುವ ಹೋಗುವ ಟೀಚರ್ ನಾನೇ. ಎಂಎಸ್ಸಿ, ಬಿಎಡ್. ಆರು ವರ್ಷದಲ್ಲಿ ನಾಲ್ಕು ಶಾಲೆ ಆಯಿತು. ಹೈಸ್ಕೂಲಿನ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 10,500 ಇತ್ತು. 2025ರ ಬಜೆಟ್ಟಿನಲ್ಲಿ 2,000 ಜಾಸ್ತಿ ಮಾಡಿದರು. ಅದೂ ತಿಂಗಳು ತಿಂಗಳು ಬರುವುದಿಲ್ಲ. ಮಾರ್ಚ್ ಮುಗಿದರೆ ನಮ್ಮ ಕೆಲಸವೂ ಮುಗಿಯಿತು. ಬರುವ ಜೂನಿನಲ್ಲಿ ನನ್ನನ್ನೇ ಕರೆಯುತ್ತಾರೆ ಅಂತ ಇಲ್ಲ. ಖಾಯಂ ಶಿಕ್ಷಕರು ಬಂದರೆ ನಾವು ಅದೇ ದಿನ ಜಾಗ ಬಿಡಬೇಕು. ಬರಲಿ, ಮಕ್ಕಳಿಗೆ ಒಳ್ಳೆಯದೇ.

ಒಂಬತ್ತನೆಯ ಮಕ್ಕಳು ಮಾರ್ಚಿನಲ್ಲಿ "ಹತ್ತನೆಗೂ ನೀವೇ ಬರ್ತೀರಲ್ವಾ ಟೀಚರ್" ಅಂತ ಕೇಳುತ್ತಾರೆ. ಪ್ರತಿ ವರ್ಷ ಕೇಳುತ್ತಾರೆ. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಕಳೆದ ವರ್ಷ ಒಬ್ಬಳು ತನ್ನ ವಿಜ್ಞಾನ ನೋಟ್ಸನ್ನು ನನಗೇ ಕೊಟ್ಟಳು. "ಬೇರೆ ಶಾಲೆಗೆ ಹೋದರೆ ಅಲ್ಲಿಯವರಿಗೆ ತೋರಿಸಿ, ನಾನು ಪೂರ್ತಿ ಬರೆದಿದ್ದೇನೆ" ಅಂದಳು. ಅದು ನನ್ನ ಬ್ಯಾಗಿನಲ್ಲೇ ಉಂಟು.

ಪಾಠ ಕಲಿಸುವುದರಲ್ಲಿ ನಾವು ಕಮ್ಮಿ ಇಲ್ಲ. ಅತಿಥಿ ಅಂದ ಕೂಡಲೇ ಬೇಡ ಅನ್ನಬೇಡಿ. ಜೂನ್ ಮೊದಲ ವಾರವೇ ನಮ್ಮನ್ನು ತೆಗೆದುಕೊಳ್ಳಲಿ ಅಂತ ಕೇಳಿ, ಅದೇ ದೊಡ್ಡ ಉಪಕಾರ.

ಅಡುಗೆ ಮನೆಯಿಂದ:

ನಾನು ಬಿಸಿಯೂಟದ ಅಡುಗೆಯವಳು. ಬರೆಯುವುದು ಅಭ್ಯಾಸ ಇಲ್ಲ, ಮಗಳು ಟೈಪ್ ಮಾಡುತ್ತಿದ್ದಾಳೆ. ಊಟದ ಬಗ್ಗೆ ಯಾರೂ ಬರೆಯಲಿಲ್ಲ, ಅದಕ್ಕೆ ಹೇಳುತ್ತೇನೆ. ಹತ್ತನೆಯವರೆಗೂ ಮಧ್ಯಾಹ್ನ ಊಟ ಉಂಟು. ಬೆಳಿಗ್ಗೆ ಹಾಲು 150 ಎಂಎಲ್. ಮೊಟ್ಟೆ ಮೊದಲು ಎರಡು ದಿನ ಇತ್ತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿಕೊಂಡು ಆರು ದಿನ ಮಾಡಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಮೊಟ್ಟೆ ಬೇಯಿಸಿ, ಸುಲಿದು, ಎಣಿಸಿ ಇಡುವುದೇ ಒಂದು ಗಂಟೆಯ ಕೆಲಸ.

ಬರುವುದು ಬಿಳಿ ಅಕ್ಕಿ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕುಚ್ಚಲಕ್ಕಿ ಉಂಡು ಅಭ್ಯಾಸ. ಮೊದಮೊದಲು ಎಂಟನೆಯವರು ಸ್ವಲ್ಪ ಬಿಡುತ್ತಾರೆ. ಹಿತ್ತಿಲ ಬಸಳೆ, ಹಲಸಿನ ಬೀಜ, ಸೌತೆಕಾಯಿ ಊರಿನವರು ತಂದು ಕೊಡುತ್ತಾರೆ. ಹಲಸಿನ ಬೀಜ ಹಾಕಿ ಸಾಂಬಾರು ಮಾಡಿದ ದಿನ ಪಾತ್ರೆ ತಳ ಕಾಣುತ್ತದೆ. ನಮಗೆ ಸಿಗುವುದು ತಿಂಗಳಿಗೆ 5,000ಕ್ಕಿಂತಲೂ ಕಮ್ಮಿ. ಆದರೂ ಯಾವ ಮಗು ಇವತ್ತು ಸರಿಯಾಗಿ ಉಣ್ಣಲಿಲ್ಲ ಅಂತ ನನಗೆ ಗೊತ್ತಾಗುತ್ತದೆ. ಹೋಗಿ ಟೀಚರಿಗೆ ಹೇಳುತ್ತೇನೆ. ಹೆಚ್ಚಿನ ಸಲ ಮನೆಯಲ್ಲಿ ಏನೋ ಆಗಿರುತ್ತದೆ.

2011ರ ಬ್ಯಾಚ್:

ಅಡುಗೆ ಅಕ್ಕನಿಗೆ ನಮಸ್ಕಾರ. ಬಸ್ಸಿನ ವಿಷಯ ಬಿಟ್ಟು ಹೋಗಿತ್ತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸು ಉಚಿತ ಆಯಿತು. ನಮ್ಮ ಎರಡು ಜಿಲ್ಲೆಯ ಒಳ ಊರಿಗೆ ಓಡುವುದು ಜಾಸ್ತಿ ಖಾಸಗಿ ಬಸ್ಸು. ಅಲ್ಲಿ ಶಕ್ತಿ ನಡೆಯುವುದಿಲ್ಲ. ಪೇಟೆಗೆ ಕಳಿಸುವ ಲೆಕ್ಕ ಹಾಕುವವರು ವ್ಯಾನಿನ ಹಣವನ್ನೂ ಸೇರಿಸಿ ಲೆಕ್ಕ ಹಾಕಿ.

ತುಳು ಕಲಿಸುವವರು:

ಒಂದು ಸಣ್ಣ ಮಾತು. ಕೆಲವು ಹೈಸ್ಕೂಲಿನಲ್ಲಿ ಮೂರನೇ ಭಾಷೆಯಾಗಿ ತುಳು ಉಂಟು. ಹತ್ತನೆಯ ಪರೀಕ್ಷೆಯಲ್ಲೂ ಅದನ್ನೇ ಬರೆಯಬಹುದು. ಮನೆಯಲ್ಲಿ ತುಳು ಮಾತಾಡುವ ಮಗು ಮೊದಲ ಸಲ ಅದನ್ನು ಪುಸ್ತಕದಲ್ಲಿ ಓದುವಾಗ ತುಟಿಯಲ್ಲೇ ನಗುತ್ತದೆ, ಆ ನಗು ನೋಡಬೇಕು. ನಿಮ್ಮ ಶಾಲೆಯಲ್ಲಿ ಇದೆಯಾ ಕೇಳಿ ನೋಡಿ.

ಸೀತಾನದಿ ದಂಡೆಯವಳು:

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಮೊನ್ನೆ ಗುರುವಾರ ಮಗಳನ್ನು ಕರೆದುಕೊಂಡು ಹೈಸ್ಕೂಲಿಗೆ ಹೋಗಿದ್ದೆ. ಯಜಮಾನರೂ ಬಂದಿದ್ದರು. ಬೇಕೆಂದೇ ಸಂಜೆ ನಾಲ್ಕೂವರೆ ಹೊತ್ತಿಗೆ ಹೋದೆವು, ಮುಖ್ಯ ಶಿಕ್ಷಕಿಗೆ ಬಿಡುವು ಇರಲಿ ಅಂತ. ಬಿಡುವು ಎಲ್ಲಿಂದ? ಹತ್ತನೆಯವರಿಗೆ ಸಂಜೆ ಕ್ಲಾಸು ನಡೆಯುತ್ತಿತ್ತು.

ಜಗಲಿಯಲ್ಲಿ ದೊಡ್ಡ ಬೋಗುಣಿಯಲ್ಲಿ ಕಲಸಿದ ಅವಲಕ್ಕಿ. ಪಕ್ಕದಲ್ಲಿ ಚಾ. ಹಳೇ ವಿದ್ಯಾರ್ಥಿಗಳು ಸೇರಿ ಪರೀಕ್ಷೆ ಮುಗಿಯುವವರೆಗೆ ಸಂಜೆಯ ತಿಂಡಿಗೆ ಹಣ ಕೊಡುತ್ತಿದ್ದಾರಂತೆ. ಹತ್ತೊಂಬತ್ತು ಮಕ್ಕಳು ಮೂರು ಗುಂಪಾಗಿ ಕೂತಿದ್ದರು. ಚೆನ್ನಾಗಿ ಓದುವವರು ಒಂದು ಕಡೆ, ಉಳಿದವರು ಒಂದು ಕಡೆ ಅಂತ ಅಲ್ಲ. ಒಂದೊಂದು ಗುಂಪಿನಲ್ಲೂ ಎಲ್ಲರೂ ಬೆರೆತಿದ್ದರು. ಒಬ್ಬ ಹುಡುಗ ಇನ್ನೊಬ್ಬನಿಗೆ ಭೂಪಟದಲ್ಲಿ ನದಿ ಗುರುತು ಮಾಡುವುದನ್ನು ಹೇಳಿಕೊಡುತ್ತಿದ್ದ. "ನಮ್ಮ ಸೀತಾನದಿ ಇದರಲ್ಲಿ ಯಾಕೆ ಇಲ್ಲ" ಅಂತ ಆ ಇನ್ನೊಬ್ಬ ಕೇಳಿದ. ನನಗೂ ಅದೇ ಪ್ರಶ್ನೆ ಬಂದಿತ್ತು ಆಗ, ಅದೇ ಕೋಣೆಯಲ್ಲಿ.

ಕಾಪು ಟೀಚರ್ ಹೇಳಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಮುಖ್ಯ ಶಿಕ್ಷಕಿ ಒಂದನ್ನೂ ಮುಚ್ಚಿಡಲಿಲ್ಲ. ಇಂಗ್ಲಿಷ್ ಟೀಚರ್ ಒಂಬತ್ತು ವರ್ಷದಿಂದ ಇದ್ದಾರೆ. ಕನ್ನಡ, ಸಮಾಜ, ಜೀವಶಾಸ್ತ್ರ, ದೈಹಿಕ ಶಿಕ್ಷಣ ಖಾಯಂ. ಎನ್‌ಎಂಎಂಎಸ್‌ಗೆ ಶನಿವಾರ ತರಬೇತಿ ಕೊಡುತ್ತಾರೆ. ಕಳೆದ ಸಲ ಇಬ್ಬರು ಆಯ್ಕೆಯಾಗಿದ್ದಾರೆ. ಗಣಿತದ ಹುದ್ದೆ ಮಾತ್ರ ಎರಡು ವರ್ಷದಿಂದ ಖಾಲಿ. ಈಗ ಅತಿಥಿ ಶಿಕ್ಷಕಿ ಇದ್ದಾರೆ, ತುಂಬಾ ಚೆನ್ನಾಗಿ ಮಾಡುತ್ತಾರೆ. ಬರುವ ಜೂನಿನ ಬಗ್ಗೆ ಕೇಳಿದೆ. "ನಿಮ್ಮಷ್ಟೇ ನನಗೂ ಗೊತ್ತು ಅಮ್ಮ" ಅಂದರು.

ನಾವು ಮಾತಾಡುವಾಗ ಮಗಳು ಕಾಣಲಿಲ್ಲ. ಹುಡುಕಿದರೆ ಮೈದಾನದಲ್ಲಿ ಒಂಬತ್ತನೆಯ ಹುಡುಗಿಯರ ಜತೆ ಥ್ರೋಬಾಲ್ ಆಡುತ್ತಿದ್ದಳು. ಚಪ್ಪಲಿ ಕಂಬದ ಹತ್ತಿರ ಬಿಟ್ಟಿದ್ದಳು. ಅವಳನ್ನು ಹೊರಡಿಸಲು ನಮಗೆ ಅರ್ಧ ಗಂಟೆ ಹಿಡಿಯಿತು.

ಯಜಮಾನರು ಬರುವಾಗ ದಾರಿಯಲ್ಲಿ ಮಾತೇ ಆಡಲಿಲ್ಲ. ಮನೆಗೆ ಬಂದು "ಗಣಿತದ್ದು ಒಂದು ಆದರೆ ಇಲ್ಲಿಗೇ ಆಗಬಹುದು" ಅಂದರು. ನಾನು ಅಲ್ಲಿಗೇ ಬಿಡಲಿಲ್ಲ. ಏಳನೆಯಲ್ಲಿರುವ ಇನ್ನೂ ಐದು ಮಕ್ಕಳ ಮನೆಗೆ ಹೋಗಿ ಮಾತಾಡಿದೆ. ಇಬ್ಬರು ಪೇಟೆಗೆ ಅಂತ ಆಗಲೇ ಮುಂಗಡ ಕಟ್ಟಿದ್ದಾರೆ. ಮೂವರು ನಮ್ಮ ಜತೆ ಬರುತ್ತೇವೆ ಅಂದಿದ್ದಾರೆ. ಎಸ್‌ಡಿಎಂಸಿಯವರೂ (ಶಾಲಾಭಿವೃದ್ಧಿ ಸಮಿತಿ) ಒಪ್ಪಿದ್ದಾರೆ. ಸೋಮವಾರ ಎಲ್ಲರೂ ಸೇರಿ ಬಿಇಒ ಕಚೇರಿಗೆ ಅರ್ಜಿ ಕೊಡುವುದು ಅಂತ ಆಗಿದೆ. ಅರ್ಜಿಯಲ್ಲಿ ಏನು ಬರೆಯಬೇಕು, ಟೀಚರ್?

ಪೇಟೆಗೆ ಸೇರಿಸಿದ ಅಪ್ಪ:

ಸೋಮವಾರ ಎಷ್ಟು ಗಂಟೆಗೆ? ನಮ್ಮ ಊರೂ ಅದೇ ಬಿಇಒ ವ್ಯಾಪ್ತಿಗೆ ಬರುತ್ತದೆ. ನಮ್ಮ ಶಾಲೆಯ ವಿಜ್ಞಾನದ ಹುದ್ದೆಯದ್ದೂ ಒಂದು ಅರ್ಜಿ ಕೊಡುತ್ತೇನೆ. ಮಗನಿಗೆ ಪ್ರಯೋಜನ ಇಲ್ಲ, ತಮ್ಮನ ಮಗಳು ಈಗ ಆರನೆಯಲ್ಲಿದ್ದಾಳೆ.

ಕಾಪು ಕಡೆಯ ಗಣಿತ ಟೀಚರ್:

ಒಂದೇ ಪುಟದಲ್ಲಿ ಬರೆಯಿರಿ. ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಯಾವುದು, ಯಾವ ವರ್ಷದಿಂದ ಖಾಲಿ, ಈಗಿನ ಮಕ್ಕಳ ಸಂಖ್ಯೆ, ಬರುವ ವರ್ಷ ಎಂಟನೆಗೆ ಸೇರುವವರ ಸಂಖ್ಯೆ. ಖಾಯಂ ಶಿಕ್ಷಕರನ್ನು ಕೊಡಿ, ಅಲ್ಲಿಯವರೆಗೆ ಜೂನಿನ ಮೊದಲ ವಾರದಲ್ಲೇ ಅತಿಥಿ ಶಿಕ್ಷಕರನ್ನು ಕೊಡಿ ಅಂತ ಎರಡನ್ನೂ ಕೇಳಿ. ಸಾಧ್ಯವಾದರೆ ಈಗ ಇರುವವರನ್ನೇ ಮುಂದುವರಿಸಿ ಅಂತಲೂ ಸೇರಿಸಿ. ಎಲ್ಲ ತಂದೆ ತಾಯಿಯ ಸಹಿ ಇರಲಿ. ಒಂದು ಪ್ರತಿ ಡಿಡಿಪಿಐಗೆ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು), ಒಂದು ಶಾಸಕರಿಗೆ. ನಿಮ್ಮ ಪ್ರತಿಗೆ ಕಚೇರಿಯ ಸೀಲು, ತಾರೀಕು ಹಾಕಿಸಿಕೊಳ್ಳದೆ ಬರಬೇಡಿ. ಏಪ್ರಿಲ್ ಕೊನೆಗೆ ಆ ಸೀಲಿನ ಪ್ರತಿ ಹಿಡಿದುಕೊಂಡು ಇನ್ನೊಮ್ಮೆ ಹೋಗಿ.